ಹಳೇ ಚಮಚಕ್ಕೆ ಕುಂಡದಲ್ಲಿ ಕೆಲಸ

ಅರಿಶಿನದ ಗಿಡ ಜನವರಿ, ಫೆಬ್ರವರಿ ಹೊತ್ತಿಗೆ ಎಲೆ ಒಣಗಿಸಿಕೊಂಡು ಮಲಗಿಬಿಡುತ್ತದೆ. ಮೇಲಿಂದ ನೋಡಿದರೆ ಬರೀ ಮಣ್ಣು. ಖಾಲಿ ಕುಂಡ ಅಂದುಕೊಂಡು ಯಾರೋ ಕೈಗುದ್ದಲಿ ಹಾಕುತ್ತಾರೆ, ಗೆಡ್ಡೆ ಎರಡು ಹೋಳು. ಶುಂಠಿ, ಸುವರ್ಣಗೆಡ್ಡೆ, ಫುಟ್‌ಬಾಲ್ ಲಿಲಿಯ ಕಥೆಯೂ ಇದೇ. ಮಾವಿನಶುಂಠಿ ಪಕ್ಕದಲ್ಲಿದ್ದರಂತೂ ಎಲೆ ಇದ್ದಾಗಲೂ ಅರಿಶಿನ ಯಾವುದು, ಅದು ಯಾವುದು ಅಂತ ಗೊತ್ತಾಗುವುದಿಲ್ಲ. ಮೆಣಸಿನ ಸಸಿಗಳೂ ಹಾಗೇ. ಬ್ಯಾಡಗಿಯೋ ಗುಂಟೂರೋ ಅಂತ ತಿಳಿಯಬೇಕಾದರೆ ಕಾಯಿ ಬಿಡುವವರೆಗೆ ಕಾಯಬೇಕು. ಹೆಸರಿನ ಫಲಕ ಬೇಕಾಗುವುದು ಇಂಥವಕ್ಕೆ. ತುಳಸಿ, ಕರಿಬೇವು, ದೊಡ್ಡಪತ್ರೆಗೆಲ್ಲ ಸುಮ್ನೆ ಯಾಕೆ? ಎಲೆ ಮೂಸಿದರೆ ಸಾಕಲ್ವಾ.

ಐಸ್‌ಕ್ರೀಮ್ ಕಡ್ಡಿ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪುಡಿಯಾಗುತ್ತದೆ. ಜೋಡಿ ತಪ್ಪಿದ, ಹಿಡಿ ಸೊಟ್ಟಗಾದ ಚಮಚಗಳು ಪ್ರತಿ ಮನೆಯ ಡ್ರಾಯರಿನಲ್ಲೂ ಇರುತ್ತವೆ. ಫಲಕಕ್ಕೆ ಅವನ್ನೇ ತೆಗೆಯಿರಿ. ಆದರೆ ಮೊದಲು ಬೆಳ್ಳಿ ಇದೆಯಾ ನೋಡಿಕೊಳ್ಳಿ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತು ಸೇರಿದ ಲೋಹ, ಧಾರಾಳವಾಗಿ ಬಡಿಯಬಹುದು. ಅನುಮಾನ ಇದ್ದರೆ ಸುತ್ತಿಗೆ ಎತ್ತುವ ಮೊದಲು ಅಕ್ಕಸಾಲಿಗನಿಗೆ ಒಮ್ಮೆ ತೋರಿಸಿ.

ಅಲ್ಯುಮಿನಿಯಂ ಚಮಚ ಎಲ್ಲಕ್ಕಿಂತ ಸುಲಭ. ಕಬ್ಬಿಣದ ತುಂಡಿನ ಮೇಲೆ ಬೋರಲು ಹಾಕಿ, ಮೇಲೊಂದು ದಪ್ಪ ಬಟ್ಟೆ ಮಡಿಸಿಟ್ಟು, ಅಂಚಿನಿಂದ ನಡುವಿಗೆ ಮೆಲ್ಲಗೆ ಬಡಿಯುತ್ತಾ ಬನ್ನಿ. ಒಂದೇ ಏಟಿಗೆ ಚಪ್ಪಟೆ ಮಾಡಲು ಹೋದರೆ ಸುಕ್ಕು ಬೀಳುತ್ತದೆ. ಹಿತ್ತಾಳೆ ಹಟ ಮಾಡಿದರೆ ಒಲೆಯ ಮೇಲೆ ಮಂದ ಕೆಂಪಾಗುವವರೆಗೆ ಕಾಯಿಸಿ, ಆರಿಸಿ, ಆಮೇಲೆ ಬಡಿಯಿರಿ. ಆಗ ಹೇಳಿದ ಮಾತು ಕೇಳುತ್ತದೆ. ಸ್ಟೀಲ್ ಮಾತ್ರ ಗಟ್ಟಿ. ಹಿಂದೆ 18/8 ಅಂತ ಮುದ್ರೆ ಇದ್ದರೆ ಅದರಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಎಂದರ್ಥ. ಮಣ್ಣಿನಲ್ಲಿ ವರ್ಷಗಟ್ಟಲೆ ಇದ್ದರೂ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಅದನ್ನು ಚಪ್ಪಟೆ ಮಾಡಲು ಒದ್ದಾಡಬೇಡಿ, ಇದ್ದ ಹಾಗೇ ಬಿಡಿ.

ಇನ್ನು ಹೆಸರು. ಮಾರ್ಕರ್ ಪೆನ್ನಿನ ಬರಹ ಬಿಸಿಲಿಗೆ ಅಳಿಸಿಹೋಗುತ್ತದೆ. ನುಣುಪಾದ ಲೋಹದ ಮೇಲೆ ಹಚ್ಚಿದ ಬಣ್ಣ ಸಿಪ್ಪೆ ಏಳುತ್ತದೆ. ನಮ್ಮಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕಿಸುತ್ತಿದ್ದರಲ್ಲ, ಚುಕ್ಕಿ ಚುಕ್ಕಿ ಹೊಡೆದು, ಅದೇ ಸರಿಯಾದ ದಾರಿ. ಅಜ್ಜಿ ಕಾಲದ ಕೊಡಪಾನದ ಮೇಲಿನ ಹೆಸರು ಇವತ್ತಿಗೂ ಓದಲು ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಂಚ್ ಸೆಟ್ಟು ಇಂಗ್ಲಿಷ್ ಅಕ್ಷರದ್ದು. ನಮಗೆ ಒಂದು ಕಾಂಕ್ರೀಟ್ ಮೊಳೆ ಸಾಕು. ಸಾದಾ ಮೊಳೆಯ ಮೂತಿ ಸ್ಟೀಲಿನ ಮೇಲೆ ಮೊಂಡಾಗುತ್ತದೆ.

ತೆಳು ಕಾಗದದ ಮೇಲೆ ಹೆಸರು ಬರೆದು ಸೆಲೋಟೇಪಿನಲ್ಲಿ ಅಂಟಿಸಿ. ಗೆರೆಯ ಮೇಲೆ ಎಳ್ಳುಕಾಳಿನಷ್ಟು ಅಂತರ ಬಿಟ್ಟು ಮೊಳೆಯಿಂದ ಗುರುತು ಹೊಡೆಯುತ್ತಾ ಹೋಗಿ. ಚಪ್ಪಟೆ ಚಮಚಕ್ಕೆ ಕೆಳಗೆ ಕಬ್ಬಿಣ ಇರಲಿ. ಹೊಟ್ಟೆ ಇರುವ ಸ್ಟೀಲ್ ಚಮಚವನ್ನು ಮರದ ಹಲಗೆಯ ಮೇಲಿಡಿ, ಇಲ್ಲದಿದ್ದರೆ ಎಗರಾಡುತ್ತದೆ. ‘ಅರಿಶಿನ’ಕ್ಕೆ ಒತ್ತಕ್ಷರ ಇಲ್ಲ, ಹಿಡಿಯ ಮೇಲೂ ಕೂರುತ್ತದೆ. ಉಡುಪಿ ಕಡೆಯ ಬದನೆ ‘ಮಟ್ಟುಗುಳ್ಳ’ ಹಾಗಲ್ಲ. ಹಿಡಿಯ ಮೇಲೆ ಹೊಡೆದರೆ ಕೆಳಗಿನ ಒತ್ತುಗಳಿಗೆ ಜಾಗವೇ ಇರುವುದಿಲ್ಲ. ಅದಕ್ಕೆ ಅನ್ನದ ಸಟ್ಟುಗದಂಥ ಅಗಲದ್ದೇ ಬೇಕು. ಕಾಗದ ಕಿತ್ತು, ಕಪ್ಪು ಎನಾಮಲ್ ಪೇಂಟ್ ಒಂದು ಹನಿ ಸವರಿ, ತಕ್ಷಣ ಬಟ್ಟೆಯಿಂದ ಒರೆಸಿಬಿಡಿ. ಚುಕ್ಕಿಗಳ ಒಳಗೆ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ. ಬಡಿಯುವಾಗ ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಸ್ವಲ್ಪ ದೂರ ಇರಲಿ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರು ಪಾತ್ರೆ ಅಂಗಡಿಯಲ್ಲಿ ಕೇಳಿ. ಹೆಸರು ಬರೆಯುವ ಮಿಷನ್ ಇಟ್ಟುಕೊಂಡವರು ಇನ್ನೂ ಇದ್ದಾರೆ.

ಬಿತ್ತಿದ ತಾರೀಖನ್ನು ಕೆತ್ತಬೇಡಿ, ಅದು ಪ್ರತಿ ಸಲ ಬದಲಾಗುತ್ತದೆ. ಅಲ್ಯುಮಿನಿಯಂ ಆದರೆ ಹಿಂಬದಿಯನ್ನು ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ ಸೀಸದಕಡ್ಡಿಯಲ್ಲಿ ಬರೆಯಿರಿ. ಸೀಸದಕಡ್ಡಿಯ ಬರಹ ಬಿಸಿಲಿಗೆ ಮಾಸುವುದಿಲ್ಲ. ಬೇಡವಾದಾಗ ಮತ್ತೆ ಉಜ್ಜಿದರೆ ಹೋಗುತ್ತದೆ.

ಚಮಚವನ್ನು ಕುಂಡದ ಅಂಚಿಗೆ ಚುಚ್ಚಿ, ನಡುವೆ ಚುಚ್ಚಿದರೆ ಬೇರಿಗೆ ತಾಗುತ್ತದೆ. ಎರಡು ಮೂರು ಇಂಚು ಒಳಗೆ ಹೋಗಲಿ. ಫೋರ್ಕ್ ಇದ್ದರೆ ಹಲ್ಲು ಕೆಳಗೇ ಇರಬೇಕು. ಬಗ್ಗಿ ಕಳೆ ಕೀಳುವಾಗ ಕಣ್ಣಿಗೆ ಬಂದೀತು. ಚಾಕು ಬೇಡವೇ ಬೇಡ.

ಒಮ್ಮೆ ಕುಂಡಕ್ಕೆ ಹೋದ ಚಮಚ ಮತ್ತೆ ಅಡುಗೆಮನೆಗೆ ಬರಬಾರದು. ಗೊಬ್ಬರ, ಔಷಧಿ, ಪೇಂಟು ಎಲ್ಲ ಅದಕ್ಕೆ ತಾಗಿರುತ್ತದೆ. ಪಾತ್ರೆ ತೊಳೆಯುವವರಿಗೂ ಒಂದು ಮಾತು ಹೇಳಿಡಿ. ತಾರಸಿಯಲ್ಲಿ ಚಮಚ ಬಿದ್ದಿದೆ ಅಂತ ತಂದು ತೊಳೆದು ಸ್ಟ್ಯಾಂಡಿಗೆ ಹಾಕಿಬಿಡುತ್ತಾರೆ.