ಲ್ವಾರ್ ಕಣಿವೆಯ ಹಳೆ ಊರುಗಳು: ರೈಲಿನಲ್ಲಿ ಹೋಗಿ ನಡೆದು ನೋಡುವುದು ಹೇಗೆ

ಪ್ಯಾರಿಸ್‌ಗೆ ಹೋದವರಲ್ಲಿ ಅನೇಕರು ಲ್ವಾರ್ ಕಣಿವೆಯನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ಬೆಳಿಗ್ಗೆ ಪ್ರವಾಸಿ ಬಸ್ ಹತ್ತಿ, ಎರಡು ಮೂರು ಅರಮನೆ ಹೊಕ್ಕು ಹೊರಬಂದು, ರಾತ್ರಿ ಮತ್ತೆ ಪ್ಯಾರಿಸ್. ಅರಮನೆ ನೋಡಿದಂತಾಗುತ್ತದೆ, ಅದರ ಬುಡದಲ್ಲಿರುವ ಊರು ಮಾತ್ರ ಬಸ್ಸಿನ ಕಿಟಕಿಯಾಚೆಗೇ ಉಳಿದುಬಿಡುತ್ತದೆ. ಈ ಊರುಗಳು ಕಾಣಬೇಕಾದರೆ ಬೆಳಿಗ್ಗೆ 10ಕ್ಕೆ ಮೊದಲು ಮತ್ತು ಸಂಜೆ 5ರ ನಂತರ ಅಲ್ಲಿರಬೇಕು. ಬಸ್ಸುಗಳು ಬಂದಿರುವುದಿಲ್ಲ ಅಥವಾ ಹೊರಟುಹೋಗಿರುತ್ತವೆ. ಬೇಕರಿಯ ಮುಂದೆ ಊರವರ ಸಾಲು, ಬಿಳಿ ಕಲ್ಲಿನ ಗೋಡೆಯ ಮೇಲೆ ಓರೆ ಬಿಸಿಲು. ಮುಂದಿನ ಲೆಕ್ಕಾಚಾರವೆಲ್ಲ ಆ ಎರಡು ಹೊತ್ತನ್ನು ಉಳಿಸಿಕೊಳ್ಳುವುದಕ್ಕಾಗಿ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, 1,000 ಕಿ.ಮೀ.ಗೂ ತುಸು ಹೆಚ್ಚು. ಸುಲ್ಲಿಯಿಂದ ಶಾಲೋನ್‌ವರೆಗಿನ ಸುಮಾರು 280 ಕಿ.ಮೀ. ಕಣಿವೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಷ್ಟನ್ನೂ ನೋಡಲು ಹೊರಡಬೇಡಿ. ಪೂರ್ತಿ 4 ದಿನ ಇದ್ದರೆ 4 ಊರು, ಸಮಯ ಉಳಿದರೆ ಐದನೆಯದು.

ಹೊರಡುವ ಮೊದಲು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕೊನೆಯ ಮಿತಿ 15 ದಿನವಾದರೂ ಬೇಸಿಗೆ ರಜೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಎರಡು ಮೂರು ತಿಂಗಳು ಮೊದಲೇ ಮುಗಿಸಿಕೊಳ್ಳಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಹವೆಯ ಮಟ್ಟಿಗೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ 9.30 ದಾಟಿದರೂ ಬೆಳಕಿರುತ್ತದೆ, ಸಂಜೆಯ ನಡಿಗೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಡಿಸೆಂಬರ್‌ನಲ್ಲಿ 5 ಗಂಟೆ ಕಳೆಯುತ್ತಿದ್ದಂತೆ ಕತ್ತಲಾಗುತ್ತದೆ, ಅರಮನೆಗಳೂ ಬೇಗ ಬಾಗಿಲು ಹಾಕುತ್ತವೆ.

ಹೆಸರುಗಳ ವಿಷಯದಲ್ಲಿ ಒಂದು ಎಚ್ಚರ. ಇಂಗ್ಲಿಷ್ ಓದಿದವರ ಕಣ್ಣಿಗೆ ಟಿಕೆಟ್ಟಿನಲ್ಲಿ 'ಟೂರ್ಸ್' ಎಂದು ಕಾಣುವ ಊರನ್ನು ಅಲ್ಲಿಯವರು ಕರೆಯುವುದು ತೂರ್ ಎಂದು. 'ಬ್ಲಾಯಿಸ್' ಎಂದು ಓದಿದ್ದು ಬ್ಲುವಾ, 'ಅಂಬಾಯ್ಸ್' ಅಂಬ್ವಾಜ್, 'ಚಿನಾನ್' ಶಿನೋಂ. ರೈಲಿನಲ್ಲಿ ಹೇಳುವ ನಿಲ್ದಾಣದ ಹೆಸರು ಕಿವಿಗೆ ಬಿದ್ದರೂ ತಿಳಿಯದೆ ಮುಂದಿನ ಊರಿಗೆ ಹೋಗಿ ಇಳಿದವರಿದ್ದಾರೆ.

ತೂರ್‌ನಲ್ಲಿ ಬಿಡಾರ

ರೈಲುದಾರಿಗಳೆಲ್ಲ ಕೂಡುವ ಊರು ತೂರ್. ಇಲ್ಲಿ 3 ರಾತ್ರಿ, ಅಂಬ್ವಾಜ್‌ನಲ್ಲಿ 1 ರಾತ್ರಿ ಉಳಿದುಕೊಂಡರೆ ಸಾಮಾನು ಹೊತ್ತು ತಿರುಗುವುದು ಒಂದೇ ಸಲ. ಸಣ್ಣ ನಿಲ್ದಾಣಗಳಲ್ಲಿ ಲಾಕರ್ ಸಿಗುತ್ತದೆಂದು ನಂಬಬೇಡಿ. ದೊಡ್ಡ ಸೂಟ್‌ಕೇಸ್ ಹಿಡಿದು ಬಂದವರನ್ನು ಅರಮನೆಗಳು ಒಳಗೆ ಬಿಡುವುದೂ ಕಷ್ಟ.

ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಕೆಳಗೇ ಟಿಜಿವಿ ನಿಲ್ದಾಣವಿದೆ, ಅಲ್ಲಿಂದಲೂ ಕೆಲವು ರೈಲುಗಳು ಪ್ಯಾರಿಸ್ ನಗರಕ್ಕೆ ಹೋಗದೆ ಈ ಕಡೆ ಬರುತ್ತವೆ. ಅನೇಕ ಟಿಜಿವಿಗಳು ತೂರ್ ಒಳಗೆ ಬರದೆ ಪಕ್ಕದ ಸ್ಯಾಂ-ಪಿಯೆರ್-ದೆ-ಕೋರ್‌ನಲ್ಲಿ ನಿಂತು ಮುಂದೆ ಸಾಗುತ್ತವೆ. ತೂರ್ ಬರಲಿ ಎಂದು ಕಾಯುತ್ತ ಕೂತರೆ ಬೋರ್ದೊ ಕಡೆಗೆ ಹೋಗಿಬಿಡುತ್ತೀರಿ. ಅಲ್ಲೇ ಇಳಿಯಿರಿ; ತೂರ್‌ಗೆ ಶಟಲ್ ರೈಲಿನಲ್ಲಿ 5 ನಿಮಿಷ. ನೇರ ಅಂಬ್ವಾಜ್‌ಗೋ ಬ್ಲುವಾಗೋ ಹೋಗುವವರಿಗೆ ತೂರ್ ಮುಟ್ಟುವ ಅಗತ್ಯವೂ ಇಲ್ಲ, ಆ ಕಡೆಯ ಎಷ್ಟೋ ರೈಲುಗಳು ಸ್ಯಾಂ-ಪಿಯೆರ್‌ನಲ್ಲೇ ನಿಲ್ಲುತ್ತವೆ.

ಟಿಜಿವಿ ದರ ದಿನ ಕಳೆದಂತೆ ಏರುತ್ತದೆ, ಬೇಗ ಕೊಳ್ಳಿ. ಹೊರಡುವುದಕ್ಕೆ 2 ನಿಮಿಷ ಮೊದಲೇ ಅದರ ಬಾಗಿಲು ಮುಚ್ಚುತ್ತದೆ. ಊರಿಂದೂರಿಗೆ ಹೋಗುವ ಪ್ರಾದೇಶಿಕ ರೈಲುಗಳಿಗೆ ಸೀಟು ಕಾದಿರಿಸುವ ತಾಪತ್ರಯವಿಲ್ಲ, ಆ ದಿನವೇ ಟಿಕೆಟ್ ತೆಗೆದರೆ ಸಾಕು.

ರೈಲಿನ ಅಂದಾಜು ಹೊತ್ತು ತಲೆಯಲ್ಲಿರಲಿ: ತೂರ್‌ನಿಂದ ಅಂಬ್ವಾಜ್ 20 ನಿಮಿಷ, ಬ್ಲುವಾ 40, ಲಾಂಜೆ 20, ಸೋಮ್ಯುರ್ 40, ಶಿನೋಂ 50, ಲೋಶ್ 1 ಗಂಟೆ. ಮೊದಲ ನಾಲ್ಕು ಮುಖ್ಯ ಮಾರ್ಗದ ಮೇಲಿವೆ. ಶಿನೋಂ ಮತ್ತು ಲೋಶ್ ಕವಲು ದಾರಿಯ ಊರುಗಳು. ಇಲ್ಲೇ ಹೆಚ್ಚು ಜನ ಎಡವುವುದು. ವೇಳಾಪಟ್ಟಿಯಲ್ಲಿ ರೈಲಿನ ಪಕ್ಕದಲ್ಲೇ ಬಸ್ಸುಗಳೂ ಇರುತ್ತವೆ, 'ಓಟೊಕಾರ್' ಎಂಬ ಗುರುತಿನೊಂದಿಗೆ. ಅದನ್ನು ಗಮನಿಸದವರು ಪ್ಲಾಟ್‌ಫಾರ್ಮ್ ಮೇಲೆ ಕಾಯುತ್ತ ನಿಂತಿರುತ್ತಾರೆ, ಬಸ್ಸು ನಿಲ್ದಾಣದ ಹೊರಗಿನಿಂದ ಹೊರಟುಹೋಗಿರುತ್ತದೆ. ಭಾನುವಾರ ಈ ಎರಡು ದಾರಿಗಳಲ್ಲಿ ಸಂಚಾರ ಬಹಳ ಕಡಿಮೆ. ಆದ್ದರಿಂದ ಮೊದಲು ಹಿಂದಿರುಗುವ ಗಾಡಿಯ ಹೊತ್ತು ನೋಡಿಕೊಳ್ಳಿ, ಆಮೇಲೆ ಹೋಗುವ ಗಾಡಿ ಆರಿಸಿ.

ಅಂಬ್ವಾಜ್: ರಾತ್ರಿ ಉಳಿಯಬೇಕಾದ ಊರು

ರೈಲು ನಿಲ್ದಾಣ ನದಿಯ ಉತ್ತರಕ್ಕೆ, ಊರು ದಕ್ಷಿಣಕ್ಕೆ. ನಡುವೆ ಒಂದು ದ್ವೀಪ, ಅದರ ಎರಡೂ ಕಡೆ ಸೇತುವೆ. 15–20 ನಿಮಿಷದ ಈ ನಡಿಗೆಗೆ ಟ್ಯಾಕ್ಸಿ ಹಿಡಿಯಬೇಡಿ. ಎರಡನೇ ಸೇತುವೆಯ ಮೇಲೆ ನಿಂತಾಗ ಅರಮನೆ, ಅದರ ಕೆಳಗೆ ಕಪ್ಪು ಸ್ಲೇಟಿನ ಮಾಡುಗಳು, ನೀರಿನಲ್ಲಿ ಮರಳುದಿಬ್ಬ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ.

ಬಾಗಿಲು ತೆರೆಯುವ ಹೊತ್ತಿಗೇ ಅರಮನೆ ಸೇರಿಕೊಳ್ಳಿ, ಒಂದೂವರೆ ಗಂಟೆ ಬೇಕು. ದೊರೆ 8ನೇ ಶಾರ್ಲ್ 1498ರಲ್ಲಿ ಇಲ್ಲೇ ತಗ್ಗಾದ ಬಾಗಿಲಿನ ತೊಲೆಗೆ ತಲೆ ಬಡಿದುಕೊಂಡು ತೀರಿಕೊಂಡ. ಅವನ ಕಾಲದ ದುಂಡು ಬುರುಜುಗಳ ಒಳಗೆ ಮೆಟ್ಟಿಲಿಲ್ಲ, ಸುರುಳಿ ಸುತ್ತುವ ಇಳಿಜಾರು ದಾರಿಯಿದೆ. ಕುದುರೆ, ಗಾಡಿ ನದಿಮಟ್ಟದಿಂದ ನೇರ ಮೇಲಿನ ಅಂಗಳಕ್ಕೆ ಏರಲಿ ಎಂದು ಹಾಗೆ ಕಟ್ಟಿದ್ದು. ಅದರಲ್ಲಿ ಇಳಿಯುವಾಗ ಗೋಡೆಗೂ ಚಾವಣಿಗೂ ಸಂದಿಯಲ್ಲಿರುವ ಸಣ್ಣ ಕೆತ್ತನೆಗಳನ್ನು ನೋಡಿ. ಬರೀ ಕಾಲಡಿ ನೋಡುತ್ತ ಇಳಿದವರಿಗೆ ಅವು ಕಾಣುವುದೇ ಇಲ್ಲ.

ಲಿಯೊನಾರ್ಡೊ ಡ ವಿಂಚಿ 1516ರಲ್ಲಿ ದೊರೆ ಒಂದನೇ ಫ್ರಾನ್ಸ್ವಾನ ಆಹ್ವಾನದ ಮೇಲೆ ಬಂದು, 1519ರ ಮೇ 2ರಂದು ಈ ಊರಿನಲ್ಲೇ ಕಣ್ಣು ಮುಚ್ಚಿದ. ಅವನಿದ್ದ ಕ್ಲೊ ಲ್ಯುಸೆ ಮನೆ ಅರಮನೆಯಿಂದ 10 ನಿಮಿಷದ ನಡಿಗೆ. ಅರಮನೆಯ ಅಂಗಳದ ಸ್ಯಾಂತ್ಯುಬೆರ್ ಪ್ರಾರ್ಥನಾಮಂದಿರದಲ್ಲಿರುವುದು ಅವನದೆಂದು ನಂಬಲಾದ ಅಸ್ಥಿ. ಅವನನ್ನು ಮೊದಲು ಹೂತ ಚರ್ಚ್ ಕೆಡವಿದ ಮೇಲೆ, 19ನೇ ಶತಮಾನದಲ್ಲಿ ಅಗೆದಾಗ ಸಿಕ್ಕ ಮೂಳೆಗಳವು. ಕ್ಲೊ ಲ್ಯುಸೆಗೆ ತೋಟವೂ ಸೇರಿ 2–3 ಗಂಟೆ ಬೇಕು, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ದಾರಿಯ ಎಡಕ್ಕೆ ಬಂಡೆಯನ್ನೇ ಕೊರೆದು ಮಾಡಿದ ಮನೆಗಳಿವೆ, ಇಂದಿಗೂ ಜನ ವಾಸವಿದ್ದಾರೆ. ಕಿಟಕಿಯೊಳಗೆ ಕ್ಯಾಮೆರಾ ಇಡಬೇಡಿ. ಭಾನುವಾರ ಬೆಳಿಗ್ಗೆ ನದಿ ದಂಡೆಯ ಮೇಲೆ ದೊಡ್ಡ ಸಂತೆ ನಡೆಯುತ್ತದೆ, ಶನಿವಾರ ರಾತ್ರಿ ಇಲ್ಲಿ ಉಳಿಯುವುದಕ್ಕೆ ಅಷ್ಟು ಕಾರಣ ಸಾಕು.

ಬ್ಲುವಾ: ಒಂದೇ ಅಂಗಳದಲ್ಲಿ 400 ವರ್ಷ

ನಿಲ್ದಾಣದಿಂದ ಅರಮನೆಗೆ 10 ನಿಮಿಷ. ಒಳಗೆ ಹೋದವರೇ ಕೋಣೆಗಳಿಗೆ ನುಗ್ಗದೆ ಅಂಗಳದ ನಡುವೆ ನಿಂತು ಸುತ್ತ ತಿರುಗಿ ನೋಡಿ. 13ನೇ ಶತಮಾನದ ಸಭಾಂಗಣ. 12ನೇ ಲೂಯಿಯ ಇಟ್ಟಿಗೆ-ಕಲ್ಲಿನ ಭಾಗ. ಒಂದನೇ ಫ್ರಾನ್ಸ್ವಾ ಕಟ್ಟಿಸಿದ, ಎಂಟು ಮೂಲೆಯ ತೆರೆದ ಸುರುಳಿ ಮೆಟ್ಟಿಲಿನ ಭಾಗ. 1635ರಲ್ಲಿ ಶುರುವಾಗಿ ಅರ್ಧಕ್ಕೆ ನಿಂತ, 13ನೇ ಲೂಯಿಯ ತಮ್ಮ ಗಾಸ್ತೋನ ಭಾಗ. ಯಾವುದು ಯಾರದೆಂದು ತಿಳಿಯಲು ಫಲಕವೇ ಬೇಡ. ಮುಳ್ಳುಹಂದಿ ಕೆತ್ತಿದ್ದರೆ ಲೂಯಿ, ಬೆಂಕಿಯ ನಡುವೆ ಹಲ್ಲಿಯಂತೆ ಕಾಣುವ ಸಾಲಮಾಂಡರ್ ಇದ್ದರೆ ಫ್ರಾನ್ಸ್ವಾ. ಮಕ್ಕಳ ಜೊತೆ ಹೋದವರು ಇವನ್ನು ಎಣಿಸುವ ಕೆಲಸ ಅವರಿಗೇ ವಹಿಸಲಿ. 1588ರ ಡಿಸೆಂಬರ್ 23ರಂದು 3ನೇ ಹೆನ್ರಿ ತನ್ನ ಎದುರಾಳಿ ಗೀಸ್‌ನ ಡ್ಯೂಕ್‌ನನ್ನು ಕೊಲ್ಲಿಸಿದ್ದು ಇದೇ ಅರಮನೆಯ ಎರಡನೇ ಮಹಡಿಯಲ್ಲಿ.

ಊಟವಾದ ಮೇಲೆ ಸ್ಯಾಂ-ಲೂಯಿ ಚರ್ಚ್ ಕಡೆಗೆ ಹತ್ತಿ. ಎದುರಿನ ಹಳೆಯ ಮರದ ಚೌಕಟ್ಟಿನ ಮನೆಯ ಕಂಬಗಳ ಮೇಲೆ ದೊಂಬರಾಟದವರ ಕೆತ್ತನೆಯಿದೆ. ಅಲ್ಲಿಂದ ಹಿಂದಿನ ಓಣಿಗಳಲ್ಲಿ ಇಳಿದು ನದಿ ಸೇರಿ.

ಶಿನೋಂ ಮತ್ತು ಉಳಿದವು

ಶಿನೋಂ ಇರುವುದು ಲ್ವಾರ್ ಮೇಲಲ್ಲ, ಅದರ ಉಪನದಿ ವಿಯೆನ್ ದಂಡೆಯ ಮೇಲೆ. ಒಂದೇ ಒಂದು ಊರಿಗೆ ಸಮಯವಿರುವವರು ಇದನ್ನೇ ಆರಿಸಲಿ ಎಂಬುದು ನಮ್ಮ ಅಭಿಪ್ರಾಯ: ಬೀದಿ ಬೀದಿಯಾಗಿ ಮಧ್ಯಯುಗ ಇಷ್ಟು ಇಡಿಯಾಗಿ ಉಳಿದಿರುವುದು ಬೇರೆಡೆ ಕಡಿಮೆ. ಬೆಟ್ಟದ ಮೇಲಿನ ಕೋಟೆಗೆ ಊರಿನಿಂದ ಉಚಿತ ಲಿಫ್ಟ್ ಇದೆ; ಹತ್ತುವಾಗ ಅದನ್ನು ಬಳಸಿ, ಇಳಿಯುವಾಗ ಕಲ್ಲುಹಾಸಿನ ದಾರಿ ಹಿಡಿಯಿರಿ. 1429ರಲ್ಲಿ ಜೋನ್ ಆಫ್ ಆರ್ಕ್ ಮುಂದೆ 7ನೇ ಶಾರ್ಲ್ ಆಗಿ ಪಟ್ಟಕ್ಕೆ ಬಂದ ರಾಜಕುಮಾರನನ್ನು ಕಂಡದ್ದು ಈ ಕೋಟೆಯಲ್ಲಿ. ಇಂಗ್ಲೆಂಡಿನ 2ನೇ ಹೆನ್ರಿ 1189ರಲ್ಲಿ ಸತ್ತದ್ದೂ ಇಲ್ಲೇ. ಗಡಿಯಾರದ ಬುರುಜಿನ ಗಂಟೆ 1399ರದು, ಅದಕ್ಕೆ ಮಾರಿ ಜಾವೆಲ್ ಎಂದು ಹೆಸರು. ಕೋಟೆ ಮುಗಿಸಿ ವೋಲ್ತೇರ್ ಬೀದಿಯನ್ನು ಕೊನೆಯವರೆಗೂ ನಡೆದು, ಸಂಜೆ ಸೇತುವೆ ದಾಟಿ ಆಚೆ ದಂಡೆಯಿಂದ ತಿರುಗಿ ನೋಡಿ. ಫೋಟೊಗೆ ಜಾಗ ಅದು, ಕೋಟೆಯ ಮೇಲಲ್ಲ. ಗುರುವಾರ ಸಂತೆ.

ಲಾಂಜೆ ಅರ್ಧ ದಿನದ ಊರು. 8ನೇ ಶಾರ್ಲ್ 1491ರಲ್ಲಿ ಬ್ರಿಟನಿಯ ಆನ್‌ಳನ್ನು ಮದುವೆಯಾದ ಕೋಟೆ ನಿಲ್ದಾಣದಿಂದ ಕೆಲವೇ ನಿಮಿಷ, ಬೀದಿಯ ತುದಿಗೆ ಎತ್ತುಸೇತುವೆಯೊಂದಿಗೆ ನಿಂತಿದೆ. ಲೋಶ್‌ನಲ್ಲಿ 36 ಮೀಟರ್ ಎತ್ತರದ 11ನೇ ಶತಮಾನದ ಗೋಪುರ, ಸ್ಯಾಂತೂರ್ಸ್ ಚರ್ಚಿನಲ್ಲಿ 7ನೇ ಶಾರ್ಲ್‌ನ ಪ್ರೇಯಸಿ ಆನ್ಯೆಸ್ ಸೊರೆಲ್‌ಳ ಸಮಾಧಿ, ಕಾಲ ಬಳಿ ಎರಡು ಕುರಿಮರಿ. ಬುಧವಾರ ಅಥವಾ ಶನಿವಾರ ಹೋದರೆ ಸಂತೆಯೂ ಸಿಗುತ್ತದೆ. ಸೋಮ್ಯುರ್ ಬೇರೆ ಪ್ರಾಂತಕ್ಕೆ ಸೇರಿದ್ದು, ಆದ್ದರಿಂದ ತೂರ್ ಪ್ರಾಂತದ ರಿಯಾಯಿತಿ ಪಾಸ್ ಅಲ್ಲಿಗೆ ನಡೆಯುತ್ತದೆಯೇ ಎಂದು ಕೌಂಟರ್‌ನಲ್ಲಿ ಕೇಳಿಯೇ ಹತ್ತಿ.

ಆ ಬಿಳಿ ಕಲ್ಲು

ಈ ಊರುಗಳೆಲ್ಲ ಒಂದೇ ಬಣ್ಣದಲ್ಲಿರುವುದಕ್ಕೆ ತುಫೊ ಎಂಬ ಸುಣ್ಣದ ಕಲ್ಲು ಕಾರಣ. ಸುಮಾರು 9 ಕೋಟಿ ವರ್ಷ ಹಿಂದಿನ ಸಮುದ್ರದ ತಳದ ಕೆಸರು ಗಟ್ಟಿಯಾಗಿ ಆದದ್ದು. ಉಗುರಿನಿಂದ ಗೀಚಿದರೂ ಪುಡಿ ಉದುರುವಷ್ಟು ಮೆದು, ಆದ್ದರಿಂದಲೇ ಕಿಟಕಿಯ ಸುತ್ತ ಅಷ್ಟು ನವಿರು ಕೆತ್ತನೆ. ಅದೇ ಮೆದುತನ ಅದರ ಶತ್ರು: ಕಲ್ಲು ನೀರು ಹೀರುತ್ತದೆ, ನೀರು ಆರುವಾಗ ಮೇಲ್ಪದರ ಹಪ್ಪಳದಂತೆ ಏಳುತ್ತದೆ. ಹಿಂದೆ ಸಿಮೆಂಟ್ ಗಾರೆಯಿಂದ ತೇಪೆ ಹಾಕಿದ ಗೋಡೆಗಳಲ್ಲಿ ತೇಪೆ ಗಟ್ಟಿಯಾಗಿ ಉಳಿದು ಸುತ್ತಲಿನ ಕಲ್ಲು ಸವೆದಿರುವುದು ಕಾಣಿಸುತ್ತದೆ. ತೇವ ಹೊರಹೋಗಲು ಸಿಮೆಂಟ್ ಬಿಡುವುದಿಲ್ಲ. ಈಗ ದುರಸ್ತಿಗೆ ಸುಣ್ಣದ ಗಾರೆಯನ್ನೇ ಬಳಸುತ್ತಾರೆ. 2001ರಲ್ಲಿ ಸೋಮ್ಯುರ್ ಕೋಟೆಯ ಗೋಡೆಯ ಒಂದು ಭಾಗವೇ ಕುಸಿದಿತ್ತು. ಕೆತ್ತನೆಗಳನ್ನು ಮುಟ್ಟಬೇಡಿ ಎಂದು ಬರೆದಿರುವುದು ಬರೀ ಶಿಸ್ತಿಗಾಗಿ ಅಲ್ಲ.

ಕಲ್ಲು ತೆಗೆದ ಗುಹೆಗಳಲ್ಲಿ ಇಂದು ವೈನ್ ನೆಲಮಾಳಿಗೆ, ಅಣಬೆ ತೋಟ ಇವೆ. ಒಳಗೆ ವರ್ಷವಿಡೀ ಸುಮಾರು 12 ಡಿಗ್ರಿ, ಜುಲೈನಲ್ಲೂ ಸ್ವೆಟರ್ ಬೇಕು. ನದಿದಂಡೆಯ ಗೋಡೆಗಳಲ್ಲಿ ಅಲ್ಲಲ್ಲಿ ಅಡ್ಡಗೀರು ಕೊರೆದು 1846, 1856, 1866 ಎಂದು ಬರೆದಿರುತ್ತದೆ. ಆ ವರ್ಷಗಳ ಮಹಾಪ್ರವಾಹದ ನೀರು ನಿಂತ ಮಟ್ಟ ಅದು. ಪಕ್ಕದಲ್ಲಿ ನಿಂತು ನೋಡಿ, ಕೆಲವು ಗೀರು ನಿಮ್ಮ ತಲೆಗಿಂತ ಮೇಲಿರುತ್ತವೆ.

ಊಟದ ಹೊತ್ತು ತಪ್ಪಿದರೆ

ಮಧ್ಯಾಹ್ನದ ಅಡುಗೆಮನೆ 12ರಿಂದ 2. ಎರಡೂವರೆಗೆ ಹೋದರೆ ಕುರ್ಚಿ ಖಾಲಿಯಿದ್ದರೂ ಊಟವಿಲ್ಲ, ರಾತ್ರಿಯದು 7ರ ನಂತರವೇ. ಸೋಮವಾರ ಸಣ್ಣ ಊರಿನ ಎಷ್ಟೋ ಅಂಗಡಿ, ಹೋಟೆಲು ಮುಚ್ಚಿರುತ್ತವೆ. ಬೆಳಿಗ್ಗೆಯೇ ಬೇಕರಿಯಲ್ಲಿ ಒಂದು ಬ್ರೆಡ್, ಸಂತೆಯಲ್ಲಿ ಹಣ್ಣು ಕೊಂಡು ಚೀಲದಲ್ಲಿಡಿ. ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್' ಎನ್ನಿ. ಅದನ್ನು ಹೇಳದೆ ನೇರ ಬೆಲೆ ಕೇಳುವುದು ಅಲ್ಲಿ ಒರಟುತನ.

ಸಸ್ಯಾಹಾರಿಗಳು 'ಸಾಂ ವಿಯಾಂದ್, ಸಾಂ ಪ್ವಾಸೋಂ' (ಮಾಂಸ ಬೇಡ, ಮೀನು ಬೇಡ) ಎಂದು ಬಿಡಿಸಿ ಹೇಳಬೇಕು. ಸಲಾಡ್ ಎಂದು ತಂದದ್ದರಲ್ಲಿ ಹಂದಿಮಾಂಸದ ಚೂರು, 'ಲಾರ್ಡೋಂ', ಇರುವುದು ಮಾಮೂಲು. ಸೋಮ್ಯುರ್ ಕಡೆ 'ಫುಎ' ಎಂಬ ಉಬ್ಬಿದ ಬಿಸಿ ರೊಟ್ಟಿ ಸಿಗುತ್ತದೆ. ಒಳಗೆ ಬಿಳಿ ಹುರುಳಿಕಾಯಿ ಬೀಜದ ಪಲ್ಯ ತುಂಬಿಸಿಕೊಳ್ಳಬಹುದು, ಹಂದಿಯ 'ರಿಯೆತ್' ಬೇಡವೆಂದು ಮೊದಲೇ ಹೇಳಿ. ಸಾಂತ್-ಮೋರ್ ಈ ಸೀಮೆಯ ಮೇಕೆಹಾಲಿನ ಚೀಸ್: ಬೂದಿ ಸವರಿದ ಉದ್ದನೆಯ ಉರುಳೆ, ನಡುವೆ ಅದು ಮುರಿಯದಂತೆ ರೈ ಹುಲ್ಲಿನ ಕಡ್ಡಿ. ಹೆಪ್ಪಿಗೆ ಸಾಮಾನ್ಯವಾಗಿ ಪ್ರಾಣಿಯ ಜಠರದ ರೆನೆಟ್ ಬಳಸುವುದರಿಂದ ಕಟ್ಟುನಿಟ್ಟಿನವರು ಕೇಳಿಯೇ ತಿನ್ನಿ. ಕುಡಿಯಲು 'ಕಾರಾಫ್ ದೋ' ಎಂದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ತರುತ್ತಾರೆ, ಅದಕ್ಕೆ ದುಡ್ಡಿಲ್ಲ.

ನದಿಗೆ ಇಳಿಯಬೇಡಿ

ಬೇಸಿಗೆಯಲ್ಲಿ ಲ್ವಾರ್ ಮೊಣಕಾಲುದ್ದ ಕಾಣುತ್ತದೆ, ನಡುವೆ ಅಗಲವಾದ ಮರಳದಿಬ್ಬ. ಅದನ್ನು ನಂಬಿ ಇಳಿದವರು ಪ್ರಾಣ ಕಳೆದುಕೊಂಡಿದ್ದಾರೆ. ಮರಳಿನ ಅಂಚು ನೀರಿನಡಿ ಸರಿಯುತ್ತಲೇ ಇರುತ್ತದೆ, ಒಂದು ಹೆಜ್ಜೆಯಾಚೆ ಆಳದ ಗುಂಡಿ, ಗುಂಡಿಯಲ್ಲಿ ಸೆಳೆತ. ನೀರಿನ ಮೇಲೆ ಹೋಗುವ ಆಸೆಯಿದ್ದರೆ ಅಂಬ್ವಾಜ್ ಅಥವಾ ಬ್ಲುವಾದಲ್ಲಿ ಸ್ಥಳೀಯರು ನಡೆಸುವ ಚಪ್ಪಟೆ ತಳದ ಮರದ ದೋಣಿ ಹತ್ತಿ. ಆಳವಿಲ್ಲದ ಈ ನದಿಗೆಂದೇ ರೂಪುಗೊಂಡ ದೋಣಿ ಅದು. ಸೂರ್ಯ ಮುಳುಗುವ ಹೊತ್ತಿನ ಪಾಳಿಗೆ ಮೊದಲೇ ಹೆಸರು ಬರೆಸಿ, ತೆಳು ಉಡುಪು ಬೇಡ, ನೀರಿನ ಮೇಲೆ ಜೂನ್‌ನಲ್ಲೂ ಚಳಿಗಾಳಿ ಬೀಸುತ್ತದೆ.