ಹಳೇ ವ್ಯಾನಿನ ಮುಗ್ಗಲು ವಾಸನೆ ಹೋಗಿದ್ದು ಹೀಗೆ

ಬಿಸಿಲು ಮಳೆಯಲ್ಲಿ ಬಹಳ ಕಾಲ ನಿಂತಿದ್ದ ದೊಡ್ಡ ವ್ಯಾನ್ ಅದು. ಸೀಟು ಎಷ್ಟು ತೊಳೆದರೂ ಮುಗ್ಗಲು ವಾಸನೆ ಹೋಗಲಿಲ್ಲ. ಕೊನೆಗೆ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದಾಗ ಕಾರಣ ಸಿಕ್ಕಿತು. ಕೆಳಗಿನ ಸ್ಪಂಜಿನ ಪದರ ಇನ್ನೂ ಒದ್ದೆಯಾಗಿತ್ತು! ಮುಂದಿನ ಗಾಜಿನ ಬುಡದಲ್ಲಿ ನೀರು ಹರಿದುಹೋಗುವ ದಾರಿ ಕೊಳೆತ ಎಲೆಗಳಿಂದ ಕಟ್ಟಿಕೊಂಡಿತ್ತು. ಹಾಗಾಗಿ ಮಳೆನೀರು ಒಳಗೇ ಇಳಿಯುತ್ತಿತ್ತು.

ಮೊದಲು ಆ ದಾರಿ ಬಿಡಿಸಿದೆ. ಸ್ಪಂಜಿನ ಕೊಳೆತ ಭಾಗ ಕತ್ತರಿಸಿ ತೆಗೆದು, ಉಳಿದಿದ್ದನ್ನು ಹೊರಗೆ ಹಾಕಿ ಪೂರ್ತಿ ಒಣಗಿಸಿದೆ. ತಳದ ತಗಡಿನ ತುಕ್ಕು ಉಜ್ಜಿ ಪ್ರೈಮರ್ ಹಚ್ಚುವುದಕ್ಕೆ ಇದೇ ಸರಿಯಾದ ಸಮಯ. ಬೂಷ್ಟು ಒರೆಸುವಾಗ ಮಾಸ್ಕ್, ಗ್ಲೌಸ್ ಬೇಕೇ ಬೇಕು. ಎಸಿಯ ಕ್ಯಾಬಿನ್ ಫಿಲ್ಟರನ್ನೂ ಬದಲಿಸಿದೆ. ಸುಮ್ನೆ ಸೆಂಟ್ ಹೊಡೆದರೆ ವಾಸನೆ ಮುಚ್ಚುತ್ತದೆ ಅಷ್ಟೇ, ಹೋಗುವುದಿಲ್ಲ.

ಹೊರಗಡೆ ಕೆಲಸ ಸುಲಭ, ಆದರೆ ಜಾಸ್ತಿ ಹೊತ್ತು ಹಿಡಿಯಿತು. ನೆರಳಲ್ಲಿ ನಿಲ್ಲಿಸಿ, ಚಾವಣಿಯಿಂದ ಕೆಳಕ್ಕೆ ತೊಳೆದೆ. ಆಮೇಲೂ ಪೇಂಟ್ ಕೈಗೆ ಒರಟಾಗಿತ್ತು. ಜಾರಿಕೆಗೆ ಲೂಬ್ರಿಕೆಂಟ್ ಧಾರಾಳವಾಗಿ ಸಿಂಪಡಿಸಿ, ಪೇಂಟಿಗೆ ಅಂಟಿದ ಕೊಳೆ ಎತ್ತುವ ಮೆತ್ತನೆ ಜೇಡಿಯಂಥ ಮುದ್ದೆ, ಅಂದರೆ ಕ್ಲೇ ಬಾರ್ ಆಡಿಸಿದ ಮೇಲೆ ನುಣುಪಾಯಿತು. ಕ್ಲೇ ನೆಲಕ್ಕೆ ಬಿದ್ದರೆ ಮತ್ತೆ ಬಳಸಬೇಡಿ, ಅಂಟಿದ ಮರಳು ಪೇಂಟನ್ನು ಗೀರುತ್ತದೆ. ಪಾಲಿಶ್, ವ್ಯಾಕ್ಸ್ ಎರಡನ್ನೂ ಒಂದೊಂದೇ ಭಾಗಕ್ಕೆ ಹಚ್ಚಿ ಮುಗಿಸಿದೆ.