ಹುಲಿ ಬಂದ ಬೆಟ್ಟದಲ್ಲಿ ದೊಡ್ಡಿ: ನನ್ನ ಅನುಭವ

ದೊಡ್ಡಿಯ ನೆತ್ತಿಗೂ ಬಲೆ ಮುಚ್ಚಿ ಈ ದೀಪಾವಳಿ ಜಾತ್ರೆಗೆ ಎರಡು ವರ್ಷ ತುಂಬಿತು. ಇಷ್ಟು ದಿನದಲ್ಲಿ ರಾತ್ರಿ ಹೊತ್ತು ನನ್ನ ಒಂದು ಕರುವೂ ಹೋಗಿಲ್ಲ. ಕಂಬ ನೆಡುವಾಗ ನಮ್ಮ ಸೋದರಮಾವ, "ಬುಡ್ಲಾ, ಮಾದಪ್ಪನ ವಾಹನಕ್ಕೇ ಬೇಲಿ ಹಾಕ್ತೀಯಾ?" ಅಂದಿದ್ದರು. ಹುಲಿ ನಮ್ಮ ಮಲೆ ಮಹದೇಶ್ವರನ ವಾಹನ, ಅವನೇ ನಮಗೆ ಮಾದಪ್ಪ. ಈಗ ಅವರ ದೊಡ್ಡಿಗೂ ನಾನೇ ಅಳತೆ ಹಾಕಿಕೊಟ್ಟಿದ್ದೇನೆ.

ಮಲೆ ಮಹದೇಶ್ವರ ಬೆಟ್ಟದ ಸುತ್ತ ದನ ಸಾಕುವ ನಮಗೆ ಚಿರತೆ ಹೊಸದಲ್ಲ. ಹುಲಿ ಹಾಗಲ್ಲ. ನಮ್ಮಪ್ಪನ ಕಾಲದಲ್ಲಿ ಹುಲಿಯನ್ನು ಮಾದಪ್ಪನ ಪಟದಲ್ಲಿ ನೋಡಿದ್ದೇ ಜಾಸ್ತಿ. ಆಮೇಲೆ ಪಕ್ಕದ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಆಯಿತು. ನಮ್ಮ ಕಾಡು 2013ರಲ್ಲಿ ವನ್ಯಧಾಮ ಆಯಿತು. ರಾಜ್ಯದಲ್ಲಿ 2006ರ ಅಂದಾಜಿಗೆ 290 ಇದ್ದ ಹುಲಿ 2022ಕ್ಕೆ 563. ಪ್ರಾಯಕ್ಕೆ ಬಂದ ಗಂಡನ್ನು ದೊಡ್ಡ ಹುಲಿ ತನ್ನ ಜಾಗದಲ್ಲಿ ಇರಗೊಡುವುದಿಲ್ಲ. ಕಾಡಿಗೆ ಕಾಡು ಕೂಡಿಕೊಂಡಿದೆ, ನಡೆದು ಬಂತು.

ನಾನು ಮೊದಲು ನಂಬಿದ್ದು ಸೀಮೆಜಾಲಿ ಮುಳ್ಳಿನ ಬೇಲಿ. ಒಂದೇ ವರ್ಷದಲ್ಲಿ ಮೂರು ಕರು ಹೋದವು. ಆಮೇಲೆ ಐದಡಿ ತಂತಿ ಬಲೆ ತಂದೆ. ಸಾಗಣೆ ಸೇರಿ 18,000 ರೂಪಾಯಿ. ದಪ್ಪ ತಂತಿ ಅಂತ ಹೇಳಿ ತೆಳ್ಳಗಿನದು ಕೊಟ್ಟಿದ್ದರು, ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯಿತು. ಒಂದು ಬೆಳಗ್ಗೆ ನೋಡಿದರೆ ಮೇಲಿನ ಎಳೆಗೆ ನಾಲ್ಕು ಹಳದಿ ಕೂದಲು ಸಿಕ್ಕಿಕೊಂಡಿದ್ದವು, ಒಳಗೆ ಮೇಕೆ ಇಲ್ಲ. ಚಿರತೆ ಹತ್ತಿ ಇಳಿದಿತ್ತು.

ಹುಲಿಯ ಪಾಠ ಬೇರೆ. ಒಂದು ರಾತ್ರಿ ದನಗಳೆಲ್ಲ ಒಂದೇ ಮೂಲೆಗೆ ನುಗ್ಗಿ ಎರಡು ಕಂಬ ಕೆಡವಿದವು. ಹೊರಗೆ ಓಡಿದ ಕಡಸು ಸಿಕ್ಕಿಬಿತ್ತು. ಬೆಳಕಾದ ಮೇಲೆ ಹೆಜ್ಜೆ ನೋಡಿದೆ. ಹುಲಿ ದೊಡ್ಡಿ ಸುತ್ತ ಎರಡು ಸುತ್ತು ಹಾಕಿದೆ, ಬೇಲಿಗೆ ಪಂಜ ಕೂಡ ತಾಗಿಸಿಲ್ಲ. ಆವತ್ತು ನನಗೆ ಹೊಳೆದದ್ದು ಇಷ್ಟೇ: ಹುಲಿ ಒಳಗೆ ಬರುವುದಲ್ಲ, ದನ ಹೊರಗೆ ಬರುತ್ತೆ. ಬೇಲಿ ಒಳಗಿನ ನೂಕಿಗೆ ನಿಲ್ಲಬೇಕು, ದನಕ್ಕೆ ಹುಲಿ ಕಾಣಬಾರದು.

ಹಾಗಾಗಿ ಕಲ್ಲುಕಂಬ. ಒಂಬತ್ತಡಿಯದು, ಎರಡಡಿ ಮಣ್ಣಿನೊಳಗೆ. ನಡುವೆ ನೆತ್ತಿಯ ಬಲೆ ಹೊರಲು ನೆಟ್ಟ ನಾಲ್ಕೂ ಸೇರಿ 22 ಕಂಬ. ಸುಮಾರು 40ಕ್ಕೆ 25 ಅಡಿ ಜಾಗ. ಬಲೆಯ ಬುಡ ಒಂದಡಿ ಹೊರಕ್ಕೆ ಮಡಿಸಿ ಮೇಲೆ ಕಲ್ಲು ಪೇರಿಸಿದೆ. ಬಲೆಯನ್ನು ಕಂಬದ ಒಳಮೈಗೆ ಕಟ್ಟಿ, ಆಗ ದನ ನೂಕಿದರೆ ಕಂಬ ತಡೆಯುತ್ತೆ. ನಮ್ಮ ಕಡೆ ಎಲ್ಲರೂ ಹೊರಮೈಗೆ ಕಟ್ಟುತ್ತಾರೆ. ಸುತ್ತಲೂ ಆಳೆತ್ತರ ಹಸಿರು ಶೇಡ್ ನೆಟ್ ಎರಡು ಪದರ. ನೆತ್ತಿಗೆ ಹಗುರ ಬಲೆ. ಕೂಲಿ ಸೇರಿ 65ರಿಂದ 70 ಸಾವಿರ ಆಗಿರಬೇಕು. ಒಂದು ಜೊತೆ ಎತ್ತು ಮಾರಿದೆ, ಉಳಿದದ್ದು ಹೆಂಡತಿಯ ಸಂಘದ ಸಾಲ. ಬಾಗಿಲು ಹೇಗೆ ಕೂರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದನ್ನು ಕಲಿಯಲು ಎರಡು ಮೇಕೆ ಕಳೆದುಕೊಂಡಿದ್ದೇನೆ. ಬೇಕಾದವರು ಬಂದು ನೋಡಿ.

ಮಧ್ಯೆ ಮಿಣುಕುವ ಸೋಲಾರ್ ದೀಪ ಕಟ್ಟಿ ನೋಡಿದೆ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಚಿರತೆ ಅದರ ಕೆಳಗೇ ನಡೆದು ಹೋಯಿತು. ರಾತ್ರಿಯಿಡೀ ರೇಡಿಯೋ ಹಾಕಿದರೆ ನಮಗೇ ನಿದ್ದೆ ಇಲ್ಲ. ಕಮ್ಮಾರರ ಹತ್ತಿರ ನಾಯಿಗೆ ಮುಳ್ಳಿನ ಕೊರಳಪಟ್ಟಿ ಮಾಡಿಸಿದ್ದು ಮಾತ್ರ ಫಲ ಕೊಟ್ಟಿತು. ಕರಿಯ ಇನ್ನೂ ಇದ್ದಾನೆ, ಪಟ್ಟಿಯ ಮೇಲೆ ಹಲ್ಲಿನ ಗೀರು ಇದೆ.

ಹಗಲು ಮೇವಿಗೆ ಬಿಟ್ಟಾಗ ಈ ದೊಡ್ಡಿ ಏನೂ ಮಾಡಲ್ಲ. ಹೋದ ವರ್ಷ ಹಳ್ಳದ ಹತ್ತಿರ ಒಂದು ಹಸು ಹೋಯಿತು. ಸತ್ತ ದನವನ್ನು ಅಲ್ಲಾಡಿಸದೆ ಫೋಟೋ ತೆಗೆದು ಅರ್ಜಿ ಕೊಟ್ಟೆ. ಪರಿಹಾರ ಬರಲು ಏಳೆಂಟು ತಿಂಗಳು ಹಿಡಿಯಿತು. ಹೊಟ್ಟೆ ಉರಿಯುತ್ತೆ, ನನಗೆ ಗೊತ್ತು. ಆದರೂ 2025ರ ಜೂನ್‌ನಲ್ಲಿ ನಮ್ಮ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬಿದ್ದ ದನ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತ ಸುದ್ದಿ ಕೇಳಿ ಆವತ್ತು ಊಟ ಸೇರಲಿಲ್ಲ. ಮನೆಯಲ್ಲಿ ಮಾದಪ್ಪನ ಪಟಕ್ಕೆ ದೀಪ ಹಚ್ಚುತ್ತೇವೆ, ಅವನ ಕಾಲಡಿ ಇರುವುದು ಅದೇ ಹುಲಿ ಅಲ್ವಾ? ನಾನು 40 ದನ ಇದ್ದದ್ದನ್ನು 22ಕ್ಕೆ ಇಳಿಸಿದ್ದೇನೆ. ಮೇಯಿಸಲು ಈಗ ಒಬ್ಬನೇ ಹೋಗುವುದಿಲ್ಲ, ಮೂರು ಮನೆಯವರು ಕೂಡಿ ಹೋಗುತ್ತೇವೆ, ಸೂರ್ಯ ಇಳಿಯುವ ಮುಂಚೆ ವಾಪಸ್.

ಮಾವನ ದೊಡ್ಡಿ ಚಿಕ್ಕದು, 14 ಕಂಬ ಸಾಕು ಅಂದುಕೊಂಡಿದ್ದೆ. ಮೂಲೆಗಳಿಗೆ ಇನ್ನೂ ಎರಡು ಬೇಕಾಯಿತು, ಅಲ್ಲೇ ದನ ಜಾಸ್ತಿ ನೂಕುವುದು. ಗುಂಡಿ ತೋಡಿ ಆಗಿದೆ, ಬರುವ ವಾರ ಕಲ್ಲು ಬರುತ್ತೆ.